ಒಡೆದ ಹಿಂಬಡಕ್ಕೆ ಮನೆಯ ಉಪಚಾರ

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ನಾವು ಶಾಲೆಯಲ್ಲಿ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಆದರೆ ಆ ಕೆಸರಿನಲ್ಲಿ ಕೈಗಿಂತ ಮೊದಲು ಇಳಿಯುವ ಕಾಲಿನ ಮಾತನ್ನು ಯಾರೂ ಎತ್ತುವದಿಲ್ಲ. ಎತ್ತಿನ ಗೊರಸು ಸವೆದರೆ ಲಾಳ ಕಟ್ಟಿಸಲು ಓಡುವ ಒಕ್ಕಲಿಗನು ತನ್ನ ಹಿಂಬಡ ಒಡೆದು ರಕ್ತ ಬಂದರೂ "ಥಂಡಿ ಹೋದ ಮ್ಯಾಲ ತಾನ ಕೂಡ್ತದ ಬಿಡ್ರಿ" ಎಂದು ಸುಮ್ಮನಿರುತ್ತಾನೆ. ಹೆಣ್ಣುಮಕ್ಕಳಂತೂ ಅದನ್ನು ಬೇನೆಯೆಂದು ಎಣಿಸುವದೇ ಇಲ್ಲ.

ನಮ್ಮದು ಜತ್ತ ತಾಲೂಕಿನ ಪೂರ್ವಭಾಗದ ಎರೆ ಸೀಮೆ. ಇಲ್ಲಿ ಹಿಂಗಾರಿ ಜೋಳವೇ ಮುಖ್ಯ ಪೀಕು. ಸಂಕ್ರಮಣ ದಾಟಿ ಜೋಳ ಕೀಳುವ ಸುಗ್ಗಿ ಬಂತೆಂದರೆ ನೆಲವೂ ಒಡೆದಿರುತ್ತದೆ, ಕಾಲೂ ಒಡೆದಿರುತ್ತದೆ. ಜೋಳವನ್ನು ಬೇರುಸಹಿತ ಕೀಳುವವರು ಹಿಂಬಡವನ್ನು ನೆಲಕ್ಕೆ ಒತ್ತಿ ನಿಂತು ಎಳೆಯಬೇಕು. ಒಡೆದ ಹಿಂಬಡದಲ್ಲಿ ಆ ಬಲ ಬರುವದಿಲ್ಲ. 2025ರ ಸುಗ್ಗಿಯಲ್ಲಿ ನಮ್ಮ ಹೊಲಕ್ಕೆ ಬರಬೇಕಾಗಿದ್ದ ಆಳುಗಳಲ್ಲಿ ಒಬ್ಬ ಹೆಣ್ಣುಮಗಳು ಬರಲಿಲ್ಲ. ಅವಳ ಮಗ ನನ್ನ ವರ್ಗದಲ್ಲಿಯೇ ಕಲಿಯುತ್ತಾನೆ. ಕೇಳಿದ್ದಕ್ಕೆ, "ಅವ್ವಗ ಹಿಂಬಡ ಒಡದು ರಗತ ಬರಾಕತ್ತದ್ರಿ ಸರ್ರ, ನೆಲಕ್ಕ ಕಾಲು ಊರಾಕ ಬರವಲ್ದು" ಎಂದನು. ಎಂಟು ದಿನದ ಕೂಲಿ ಹೋಯಿತು. ಸುಗ್ಗಿಯ ಎಂಟು ದಿನದ ಕೂಲಿಯೆಂದರೆ ಒಂದು ಬಡ ಸಂಸಾರಕ್ಕೆ ಎಷ್ಟಾಯಿತೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ದಿನ ನನ್ನ ಕಾಲನ್ನೂ ನೋಡಿಕೊಂಡೆನು. ನಾನೇನೂ ಅವಳಿಗಿಂತ ಮೇಲಿರಲಿಲ್ಲ. ಶಾಲೆಯಲ್ಲಿ ವಿಜ್ಞಾನ ಕಲಿಸುವವನು ತನ್ನ ಕಾಲನ್ನೇ ತಿಳಿಯದಿದ್ದರೆ ಹೇಗೆಂದು ನಾಚಿಕೆಯಾಗಿ, ಮನೆಯಲ್ಲಿಯೇ ಉಪಚಾರ ಮಾಡಿ ನೋಡುವದೆಂದು ನಿಶ್ಚಯಿಸಿದೆನು. ಅದರ ಅನುಭವವನ್ನೇ ಇಲ್ಲಿ ಬರೆದಿದ್ದೇನೆ.

ಹಿಂಬಡ ಏಕೆ ಒಡೆಯುತ್ತದೆ?

ಮೈಯ ಉಳಿದ ಕಡೆ ಕೂದಲಿನ ಬುಡದಲ್ಲಿ ಎಣ್ಣೆಯ ಗ್ರಂಥಿಗಳಿದ್ದು, ಅವು ಚರ್ಮಕ್ಕೆ ಸದಾ ಜಿಡ್ಡನ್ನು ಒದಗಿಸುತ್ತಿರುತ್ತವೆ. ಅಂಗೈ ಮತ್ತು ಅಂಗಾಲುಗಳಲ್ಲಿ ಮಾತ್ರ ಕೂದಲೂ ಇಲ್ಲ, ಎಣ್ಣೆಯ ಗ್ರಂಥಿಯೂ ಇಲ್ಲ. ಬೆವರಿನ ಗ್ರಂಥಿಗಳಷ್ಟೇ ದಟ್ಟವಾಗಿವೆ. ಆದುದರಿಂದ ಥಂಡಿಗಾಳಿ ಬೀಸಿ ಒಳಗಿನ ನೀರು ಆರತೊಡಗಿದರೆ ಅದನ್ನು ತಡೆಯುವ ಜಿಡ್ಡಿನ ಪೊರೆ ಅಂಗಾಲಿಗೆ ಇರುವದಿಲ್ಲ.

ಇನ್ನೊಂದು ಸಂಗತಿ ಚರ್ಮದ ದಪ್ಪಳತೆ. ಕಣ್ಣರೆಪ್ಪೆಯ ಮೇಲ್ಚರ್ಮವು ಒಂದು ಮಿಲಿಮೀಟರಿನ ಇಪ್ಪತ್ತನೆಯ ಪಾಲಿನಷ್ಟು ತೆಳುವಾಗಿದ್ದರೆ, ಅಂಗಾಲಿನದು ಸುಮಾರು ಒಂದೂವರೆ ಮಿಲಿಮೀಟರು ಇರುತ್ತದೆ. ಬರಿಗಾಲಿನಲ್ಲಿ ಅಥವಾ ಹಿಂದೆ ತೆರೆದಿರುವ ಚಪ್ಪಲಿಯಲ್ಲಿ ನಡೆಯುವವರಿಗೆ ಇದು ಇನ್ನೂ ದಪ್ಪಾಗುತ್ತದೆ. ತಿಕ್ಕಾಟದಿಂದ ತನ್ನನ್ನು ಕಾಯ್ದುಕೊಳ್ಳಲು ದೇಹವು ಹೂಡುವ ಉಪಾಯವಿದು. ಹಿಂಬಡದೊಳಗೆ ಕೊಬ್ಬಿನ ಒಂದು ಮೆತ್ತೆಯಿದೆ. ನಾವು ನಿಂತಾಗ ಮೈಭಾರಕ್ಕೆ ಆ ಮೆತ್ತೆ ಪಕ್ಕಕ್ಕೆ ಹರಡುತ್ತದೆ. ಮೇಲಿನ ಚರ್ಮದಲ್ಲಿ ಪಸೆಯಿದ್ದರೆ ಅದೂ ಹಿಗ್ಗುತ್ತದೆ. ಒಣಗಿ ತೊಗಲಿನ ಹಲಗೆಯಂತಾಗಿದ್ದರೆ ಹಿಗ್ಗಲಾರದೆ ಅಂಚಿನಲ್ಲಿ ಸೀಳುತ್ತದೆ. ಸೀಳು ಮೇಲ್ಚರ್ಮವನ್ನು ದಾಟಿ ಒಳಗೆ ಹೋದಾಗ ರಕ್ತ ಬರುತ್ತದೆ.

ನಮ್ಮ ಎರೆಭೂಮಿಯೂ ಹೀಗೆಯೇ ಅಲ್ಲವೇ? ಪಸೆಯಿರುವವರೆಗೆ ಬೆಣ್ಣೆಯಂತೆ ಇರುವ ನೆಲ, ಪಸೆ ಹೋಯಿತೆಂದರೆ ಕೈ ಹೋಗುವಷ್ಟು ಬಾಯಿಬಿಡುತ್ತದೆ. ಬಿರುಕು ಬಿಟ್ಟ ಹೊಲದಲ್ಲಿ ಮಣ್ಣು ಹೆಚ್ಚಾಗಿದೆಯೆಂದು ಯಾರೂ ಕೆತ್ತಿ ತೆಗೆಯುವದಿಲ್ಲ. ಕಾಲಿನ ವಿಷಯದಲ್ಲಿ ಮಾತ್ರ ನಾವು ಮೊದಲು ಕೆತ್ತಲು ಹೋಗುತ್ತೇವೆ. ನಾನೂ ಹಾಗೆಯೇ ಮಾಡಿದೆನು.

ಎರಡು ಕಾಲು, ಎರಡು ಮಡಿ

ಮೊದಲನೆಯ ದಿನ ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಹೊಲದಿಂದ ಬಂದವನೇ ಒಣಗಾಲನ್ನು ಇಟ್ಟಂಗಿಯ ಚೂರಿನಿಂದ ಬಿರುಸಾಗಿ ತಿಕ್ಕಿದೆನು. ಬಿಳಿಯ ಹಿಟ್ಟು ಉದುರಿತು. ಒಳ್ಳೆಯ ಕೆಲಸವಾಯಿತೆಂದು ಇನ್ನಷ್ಟು ತಿಕ್ಕಿದೆನು. ಸೀಳಿನ ತುಟಿ ಕಿತ್ತು ರಕ್ತ ಬಂತು. ಮರುದಿನ ಕುಂಟುತ್ತ ಶಾಲೆಗೆ ಹೋಗಬೇಕಾಯಿತು. ಒಣ ನೆಲವನ್ನು ಉತ್ತರೆ ಹೆಂಟೆಯೇಳುತ್ತದೆಂದು ಬಲ್ಲ ಒಕ್ಕಲಿಗನು ಒಣ ಚರ್ಮವನ್ನು ತಿಕ್ಕಿದ್ದು ತಪ್ಪೇ ಸರಿ.

ಆಮೇಲೆ ಕ್ರಮವಾಗಿ ಪ್ರಯೋಗ ಮಾಡುವದೆಂದು ಗೊತ್ತುಮಾಡಿದೆನು. ಹೊಸ ಬೀಜ ಬಂದಾಗ ಪಕ್ಕಪಕ್ಕದಲ್ಲಿ ಎರಡು ಮಡಿ ಮಾಡಿ, ಒಂದಕ್ಕೆ ಒಂದು ರೀತಿ, ಇನ್ನೊಂದಕ್ಕೆ ಇನ್ನೊಂದು ರೀತಿ ಮಾಡಿ ನೋಡುತ್ತೇವಲ್ಲ, ಹಾಗೆ. ಎರಡು ಕಾಲು ದೇವರು ಕೊಟ್ಟ ಎರಡು ಮಡಿಗಳೇ. ಸೀಳುಗಳನ್ನು ಎಣಿಸಿ, ದಾರದಿಂದ ಅಳೆದು, ದಾರವನ್ನು ಶಾಲೆಯ ಅಳತೆಪಟ್ಟಿಯ ಮೇಲಿಟ್ಟು ವಹಿಯಲ್ಲಿ ಬರೆದುಕೊಂಡೆನು. ಬಲಗಾಲಿನಲ್ಲಿ 7 ಸೀಳು, ಉದ್ದನೆಯದು 2½ ಸೆಂಟಿಮೀಟರು. ಎಡಗಾಲಿನಲ್ಲಿ 6 ಸೀಳು, ಉದ್ದನೆಯದು 2 ಸೆಂಟಿಮೀಟರು.

ರಾತ್ರಿ ವಿದ್ಯಾರ್ಥಿಗಳ ವಹಿ ತಿದ್ದುವ ಹೊತ್ತಿಗೆ ಎರಡೂ ಕಾಲುಗಳನ್ನು ಉಗುರುಬೆಚ್ಚನೆಯ ನೀರಿನ ಬೋಗುಣಿಯಲ್ಲಿ ಹದಿನೈದು ನಿಮಿಷ ಇಡುತ್ತಿದ್ದೆನು. ಆಮೇಲೆ ಬಲಗಾಲನ್ನು ನಯವಾದ ಕಲ್ಲಿನಿಂದ ತಿಕ್ಕಿ ಒರಸಿ ಬಿಡುವದು, ಏನೂ ಹಚ್ಚುವದಿಲ್ಲ. ಎಡಗಾಲನ್ನು ತಿಕ್ಕುವದಿಲ್ಲ, ಒರಸಿದ ಕೂಡಲೆ ಜಿಡ್ಡು ಹಚ್ಚುವದು. ತಿಕ್ಕಿದ ಕಾಲೇ ಗೆಲ್ಲುವದೆಂದು ನಾನು ಎಣಿಸಿದ್ದೆನು. ಮೊದಲ ಎರಡು ದಿನ ಹಾಗೆಯೇ ಕಂಡಿತು. ಬಲಗಾಲು ನುಣುಪಾಗಿ ಚಂದ ಕಾಣುತ್ತಿತ್ತು. ಎಂಟನೆಯ ದಿನ ಅಳೆದರೆ ಲೆಕ್ಕ ತಿರುಗಿತ್ತು. ಬಲಗಾಲಿನಲ್ಲಿ 7 ಇದ್ದವು 8 ಆಗಿದ್ದವು. ತಿಕ್ಕಿ ತೆಳುವಾದ ಚರ್ಮ ಮತ್ತೆ ಒಣಗಿ ಹೊಸದೊಂದು ಕಡೆ ಒಡೆದಿತ್ತು. ತಿಕ್ಕದೆ ಬರಿಯ ಜಿಡ್ಡು ಕಂಡ ಎಡಗಾಲಿನಲ್ಲಿ ಎರಡು ಸೀಳು ಪೂರಾ ಕೂಡಿದ್ದವು. ಉಳಿದವು ಆಳ ಕಳೆದುಕೊಂಡು ನೋವು ನಿಂತಿತ್ತು.

ಒಬ್ಬನ ಎರಡು ಕಾಲಿನ ಪ್ರಯೋಗವನ್ನು ಶಾಸ್ತ್ರವೆನ್ನುವಂತಿಲ್ಲ. ಆದರೆ ಚರ್ಮದ ವೈದ್ಯರು ಹೇಳುವದೂ ಇದೇ: ತಿಕ್ಕುವದು ಅರ್ಧ ಕೆಲಸ, ನೀರು ಆರುವ ಮೊದಲು ಜಿಡ್ಡು ಹಚ್ಚಿ ಅದನ್ನು ಒಳಗೇ ಹಿಡಿದಿಡುವದು ಮುಖ್ಯ ಕೆಲಸ. ಎರಡನೆಯ ವಾರದಿಂದ ಎರಡೂ ಕಾಲಿಗೆ ಎರಡೂ ಉಪಚಾರ ಮಾಡಿದೆನು. ತಿಕ್ಕುವದು ವಾರಕ್ಕೆ ಎರಡು ಸಲ, ಜಿಡ್ಡು ದಿನಾಲೂ. ಇಪ್ಪತ್ತೈದನೆಯ ದಿನಕ್ಕೆ ಎರಡೂ ಹಿಂಬಡಗಳಲ್ಲಿ ಗೆರೆಗಳು ಉಳಿದಿದ್ದವು, ಸೀಳು ಉಳಿದಿರಲಿಲ್ಲ.

ಮಾಡುವ ಕ್ರಮ

ಒಂದನೆಯದು, ನೆನೆಸುವದು. ರಾತ್ರಿ ಮಲಗುವ ಮೊದಲು ಕಾಲು ಮುಳುಗುವಷ್ಟು ಉಗುರುಬೆಚ್ಚನೆಯ ನೀರಿನಲ್ಲಿ ಹತ್ತರಿಂದ ಹದಿನೈದು ನಿಮಿಷ ಇಡಬೇಕು. ನೀರಿನ ಬಿಸಿಯನ್ನು ಮೊಳಕೈಯಿಂದ ನೋಡಬೇಕು, ಕಾಲಿನಿಂದಲ್ಲ. ಕುದಿನೀರೂ ಬೇಡ, ಅರ್ಧ ತಾಸು ಕೂಡುವದೂ ಬೇಡ. ಬಹಳ ಬಿಸಿ ಮತ್ತು ಬಹಳ ಹೊತ್ತು, ಎರಡೂ ಚರ್ಮವನ್ನು ಮತ್ತಷ್ಟು ಒಣಗಿಸುತ್ತವೆ. ಬಟ್ಟೆಯ ಸಾಬೂನು, ಸೋಡಾಪುಡಿ ಹಾಕಬೇಡಿರಿ. ನಮ್ಮಂತಹ ನೀರಿನ ಬರವುಳ್ಳ ಸೀಮೆಯಲ್ಲಿ ಇದಕ್ಕೆಂದು ಬೇರೆ ನೀರು ಖರ್ಚುಮಾಡಬೇಕಾಗಿಲ್ಲ. ಎರಡು ತಂಬಿಗೆ ನೀರು ಅಗಲವಾದ ಬೋಗುಣಿಯಲ್ಲಿ ಸಾಕು. ಅದೇ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಬಹುದು.

ಎರಡನೆಯದು, ತಿಕ್ಕುವದು. ವಾರಕ್ಕೆ ಎರಡು ಸಲ ಮಾತ್ರ, ಅದೂ ನೆನೆದ ಮೇಲೆ. ನಮ್ಮ ಭಾಗದ ಹೆಣ್ಣುಮಕ್ಕಳು ಬಳಸುವ ವಜ್ರಿಯಾಗಲಿ, ನಯವಾದ ತೂತುಗಲ್ಲಾಗಲಿ, ಒಣಗಿದ ಹೀರೇಕಾಯಿಯ ನಾರಾಗಲಿ ಆದೀತು. ಒಂದೇ ದಿಕ್ಕಿಗೆ ಹಗುರಾಗಿ ತಿಕ್ಕಬೇಕು. ಒಂದು ಕಾಲಿಗೆ ಎರಡು ನಿಮಿಷಕ್ಕಿಂತ ಹೆಚ್ಚು ಬೇಡ. ಬೆಳ್ಳಗೆ ಸತ್ತ ಚರ್ಮ ಹೋದರೆ ಸಾಕು. ಗುಲಾಬಿ ಬಣ್ಣ ಕಂಡಿತೆಂದರೆ ನಿಲ್ಲಿಸಬೇಕು. ರಕ್ತ ಬರುವ ಸೀಳಿದ್ದರೆ ಅದು ಕೂಡುವವರೆಗೆ ತಿಕ್ಕಲೇಬಾರದು, ಜಿಡ್ಡು ಮಾತ್ರ ಹಚ್ಚಬೇಕು. ಒಬ್ಬರ ಕಲ್ಲನ್ನು ಇನ್ನೊಬ್ಬರು ಬಳಸಬಾರದು, ಏಕೆಂದರೆ ಗಜಕರ್ಣದಂತಹ ಬೂಷ್ಟಿನ ಬೇನೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹೋಗುವದುಂಟು.

ಮೂರನೆಯದು, ಜಿಡ್ಡು ಹಚ್ಚುವದು. ಕಾಲನ್ನು ಒತ್ತಿ ಒರಸಿ, ಸ್ವಲ್ಪ ತೇವವಿರುವಾಗಲೇ ಹಚ್ಚಬೇಕು. ಇದೇ ಇಡೀ ಉಪಚಾರದ ಕೀಲಿ. ಮಳೆ ನಿಂತು ಹದ ಬಂದಾಗ ಕುಂಟೆ ಹೊಡೆದು ಪಸೆ ಹಿಡಿಯುವ ಒಕ್ಕಲಿಗನಿಗೆ ಈ ಹೊತ್ತಿನ ಬೆಲೆಯನ್ನು ನಾನು ತಿಳಿಸಬೇಕಾದುದೇನಿದೆ? ಹದ ತಪ್ಪಿದ ಮೇಲೆ ಎಷ್ಟು ಹಚ್ಚಿದರೂ ಅಷ್ಟಕ್ಕಷ್ಟೇ.

ಯಾವ ಜಿಡ್ಡು? ಔಷಧದ ಅಂಗಡಿಯ ಬಿಳಿಯ ಪೆಟ್ರೋಲಿಯಂ ಜೆಲ್ಲಿ ಅಗ್ಗವಾದುದು ಮತ್ತು ನಂಬಿಗೆಯದು. ಅದು ತಾನಾಗಿ ನೀರು ಕೊಡುವದಿಲ್ಲ, ಇದ್ದ ನೀರನ್ನು ಹೋಗಗೊಡುವದಿಲ್ಲ. ಸಾಂಗಲಿ, ಸೊಲ್ಲಾಪುರದ ಪೇಟೆಗಳಲ್ಲಿ ಕೋಕಂ ತೇಲ ಎಂದು ಬಿಳಿಯ ಗಟ್ಟಿ ಉಂಡೆ ಸಿಗುತ್ತದೆ. ಕಾಸರಗೋಡಿನ ನಮ್ಮ ಬಂಧುಗಳು ಪುನರ್ಪುಳಿ ಎನ್ನುವ, ಮಲೆನಾಡಿನವರು ಮುರುಗಲ ಎನ್ನುವ ಹಣ್ಣಿನ ಬೀಜದ ಕೊಬ್ಬು ಅದು. ಸುಮಾರು 40 ಡಿಗ್ರಿ ಶಾಖಕ್ಕೆ ಕರಗುವದರಿಂದ ಅಂಗೈಯಲ್ಲಿ ತಿಕ್ಕಿದರೆ ಮೆತ್ತಗಾಗಿ, ಹಿಂಬಡದ ಮೇಲೆ ಮತ್ತೆ ಗಟ್ಟಿಯಾಗಿ ಕೂಡುತ್ತದೆ. ನಾನು ಪ್ರಯೋಗದಲ್ಲಿ ಬಳಸಿದ್ದು ಇದನ್ನೇ.

ಮನೆಯಲ್ಲಿ ಮಾಡುವದಾದರೆ 40 ಗ್ರಾಂ ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆಗೆ 10 ಗ್ರಾಂ ಶುದ್ಧ ಜೇನುಮೇಣ ಹಾಕಿ, ಆ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಬೇಕು. ಜೇನುಮೇಣ 62ರಿಂದ 65 ಡಿಗ್ರಿಗೆ ಕರಗುತ್ತದೆ. ನೇರ ಉರಿಯ ಮೇಲಿಟ್ಟರೆ ಹೊತ್ತುವ ಭಯವಿದೆ. ಆರಿದ ಮೇಲೆ ಮುಲಾಮು ಸಿದ್ಧ. ಬರಿಯ ಎಣ್ಣೆ ಹಚ್ಚಿದರೆ ಹಾಸಿಗೆಗೆ ಹತ್ತಿ ಹೋಗುತ್ತದೆ, ಮೇಣ ಕೂಡಿದರೆ ನಿಲ್ಲುತ್ತದೆ.

ನಾಲ್ಕನೆಯದು, ಮುಚ್ಚುವದು. ಜಿಡ್ಡು ಹಚ್ಚಿದ ಮೇಲೆ ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಬೇಕು. ಕಾಲುಚೀಲವಿಲ್ಲದಿದ್ದರೆ ಹಳೆಯ ಧೋತರದ ತುಂಡು ಸುತ್ತಿದರೂ ಆದೀತು. ರಾತ್ರಿ ಏಳುವಾಗ ಎಚ್ಚರವಿರಲಿ. ಜಿಡ್ಡುಗಾಲಿನಿಂದ ಫರಸಿಯ ಮೇಲೆ ಜಾರಿ ಸೊಂಟ ಮುರಿದುಕೊಂಡರೆ ಹಿಂಬಡದ ಉಪಚಾರ ತುಟ್ಟಿಯಾದೀತು. ಮುದುಕರು ಹಚ್ಚಿಕೊಂಡಾಗ ಕಾಲುಚೀಲ ಬೇಡ, ಹಾಸಿಗೆಯ ಬಳಿಯೇ ಬಟ್ಟೆಯಿಟ್ಟುಕೊಂಡು ಒರಸಿ ಏಳಬೇಕು.

ಹಗಲಿನಲ್ಲಿ ಹಿಂಬಡ ಮುಚ್ಚುವ ಪಾದರಕ್ಷೆ ಒಳ್ಳೆಯದು. ತೆರೆದ ಚಪ್ಪಲಿಯಲ್ಲಿ ಹಿಂಬಡ ಪಕ್ಕಕ್ಕೆ ಹರಡಿ ಸೀಳು ಮತ್ತೆ ಬಾಯಿಬಿಡುತ್ತದೆ.

ಪೇಟೆಯಿಂದ ಬಂದ ಕಾಲುಚೀಲ

ನನ್ನ ಉಪಚಾರ ನಡೆದಾಗಲೇ ಸಾಂಗಲಿಯಲ್ಲಿ ಕಲಿಯುವ ನನ್ನ ಮಗಳು ರಜೆಗೆ ಬಂದಳು. ಬರುವಾಗ ಒಂದು ಪೊಟ್ಟಣ ತಂದಿದ್ದಳು. ಒಳಗೆ ಪ್ಲಾಸ್ಟಿಕ್ಕಿನ ಎರಡು ಕಾಲುಚೀಲ, ಅವುಗಳಲ್ಲಿ ಅಂಟುನೀರು. ಒಂದು ತಾಸು ಹಾಕಿಕೊಂಡು ತೊಳೆದರೆ ಕೆಲವು ದಿನಗಳಲ್ಲಿ ಅಂಗಾಲಿನ ಹಳೆಯ ಚರ್ಮ ತಾನೇ ಸುಲಿದು ಹೋಗುತ್ತದೆಂದು ಹೇಳಿದಳು. "ಅಪ್ಪಾ, ತಿಕ್ಕೂದು ಬ್ಯಾಡ, ಏನೂ ಬ್ಯಾಡ. ಇದನ್ನ ಹಾಕ್ಕೋರಿ" ಎಂದಳು.

ಪೊಟ್ಟಣದ ಮೇಲಿನ ಬರಹ ಓದಿದೆನು. ಮೊಸರು ಹುಳಿಯಾದಾಗ ಹುಟ್ಟುವ ಲ್ಯಾಕ್ಟಿಕ್ ಆಮ್ಲ, ಕಬ್ಬಿನಲ್ಲಿಯೂ ಇರುವ ಗ್ಲೈಕಾಲಿಕ್ ಆಮ್ಲ, ಅವುಗಳ ಜೊತೆ ಸ್ಯಾಲಿಸಿಲಿಕ್ ಆಮ್ಲ. ಸತ್ತ ಚರ್ಮದ ಕೋಶಗಳನ್ನು ಒಂದಕ್ಕೊಂದು ಹಿಡಿದಿರುವ ಅಂಟನ್ನು ಇವು ಸಡಿಲಿಸುತ್ತವೆ. ಹೆಸರು ಮೊಸರಿನದಾದರೂ ಇದು ಮಜ್ಜಿಗೆಯಲ್ಲ, ಬಲವಾದ ಆಮ್ಲ. ತೆರೆದ ಸೀಳಿನ ಮೇಲೆ ಹಾಕಬಾರದೆಂದು ಅದರ ಮೇಲೆಯೇ ಬರೆದಿತ್ತು. ಆದುದರಿಂದ ನಾನು ಒಲ್ಲೆನೆಂದೆನು. ಸೀಳಿಲ್ಲದ ತನ್ನ ಕಾಲಿಗೆ ಮಗಳೇ ಹಾಕಿಕೊಂಡಳು.

ನಾಲ್ಕು ದಿನ ಏನೂ ಆಗಲಿಲ್ಲ. ಐದನೆಯ ದಿನ ಹಾವಿನ ಪೊರೆಯಂತೆ ಸುಲಿಯಲಾರಂಭಿಸಿತು. ಮುಂದೆ ಹತ್ತು ದಿನ ಮನೆಯ ತುಂಬ ಪೊರೆ. ಮುಗಿದ ಮೇಲೆ ಅಂಗಾಲು ಕೂಸಿನ ಕಾಲಿನಂತೆ ಮೆತ್ತಗಾದದ್ದು ನಿಜ. ಆದರೆ ಆ ಕಾಲಿನಿಂದ ಅವಳು ಹೊಲಕ್ಕೆ ಬಂದು ಹತ್ತು ಹೆಜ್ಜೆ ಬರಿಗಾಲಿನಲ್ಲಿ ನಡೆಯಲಾರದೆ ಬದುವಿನ ಮೇಲೆ ಕುಳಿತಳು. ಆಗ ನನ್ನ ಮನೆಯವಳು, "ಹೊಲಕ್ಕ ಹೋಗೋರಿಗೆ ಅಂಗಾಲ ತೊಗಲು ಅಂದ್ರ ಹುಟ್ಟಾ ಬಂದ ಚಪ್ಪಲಿ. ಅದನ್ನ ಯಾಕ ಕಳಕೊಂಡಿ?" ಎಂದಳು. ಅವಳ ಮಾತಿನಲ್ಲಿ ತಥ್ಯವಿದೆ. ಪೇಟೆಯಲ್ಲಿ ಬೂಟು ಹಾಕಿ ನಡೆಯುವ, ಆರೋಗ್ಯವಂತ, ಸೀಳಿಲ್ಲದ ಕಾಲಿಗೆ ಈ ಚೀಲ ಸಲ್ಲಬಹುದು. ದುಡಿಯುವ ಕಾಲಿಗೆ ಚರ್ಮ ದಪ್ಪವೂ ಇರಬೇಕು, ಮೆತ್ತಗೂ ಇರಬೇಕು. ಸಕ್ಕರೆ ಬೇನೆಯವರು ಮತ್ತು ಬಸುರಿಯರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಗೊಬ್ಬರದ ಯೂರಿಯಾ, ಮುಲಾಮಿನ ಯೂರಿಯಾ

ಔಷಧದ ಅಂಗಡಿಯಲ್ಲಿ ಹಿಂಬಡದ ಮುಲಾಮು ಕೇಳಿದರೆ ಕೊಡುವ ಕೊಳವೆಗಳ ಮೇಲೆ ಯೂರಿಯಾ ಎಂಬ ಹೆಸರು ಕಂಡು ನಮ್ಮ ರೈತಬಂಧುಗಳು ಬೆರಗಾಗುತ್ತಾರೆ. ಬೆರಗೇನಿಲ್ಲ, ವಸ್ತು ಅದೇ. 1828ರಲ್ಲಿ ಜರ್ಮನಿಯ ವೋಲರ್ ಎಂಬ ವಿಜ್ಞಾನಿ ಪ್ರಯೋಗಶಾಲೆಯಲ್ಲಿ ತಯಾರಿಸಿ ತೋರಿಸಿದ ಈ ಯೂರಿಯಾದಲ್ಲಿ ಶೇಕಡಾ 46ರಷ್ಟು ಸಾರಜನಕವಿರುವದರಿಂದ ಅದು ಬೆಳೆಗೆ ಗೊಬ್ಬರ. ಮಳೆಗಾಲದಲ್ಲಿ ಬಾಯಿ ಬಿಚ್ಚಿಟ್ಟ ಯೂರಿಯಾ ಚೀಲ ಗಾಳಿಯ ತೇವ ಎಳೆದುಕೊಂಡು ಗಟ್ಟಿಯಾಗುವದನ್ನು ನಾವೆಲ್ಲ ನೋಡಿದ್ದೇವೆ. ನೀರನ್ನು ಎಳೆದು ಹಿಡಿಯುವ ಅದೇ ಗುಣ ಚರ್ಮಕ್ಕೂ ಉಪಯೋಗ. ನಮ್ಮ ಚರ್ಮದಲ್ಲಿಯೂ ಸ್ವಭಾವತಃ ಸ್ವಲ್ಪ ಯೂರಿಯಾ ಇದ್ದು ಪಸೆ ಕಾಯುತ್ತದೆ.

ಶೇಕಡಾ 10ರ ಮುಲಾಮು ಪಸೆ ಹಿಡಿಯುತ್ತದೆ. ಶೇಕಡಾ 20ರಿಂದ 25ರದು ದಪ್ಪ ಚರ್ಮವನ್ನು ಮೆತ್ತಗೆ ಮಾಡಿ ಸಡಿಲಿಸುತ್ತದೆ. ಶೇಕಡಾ 40ರದನ್ನು ವೈದ್ಯರ ಮಾತಿನ ಮೇಲೆಯೇ ಬಳಸತಕ್ಕದ್ದು. ತೆರೆದ ಸೀಳಿಗೆ ಹಚ್ಚಿದರೆ ಉರಿಯುವದರಿಂದ ಮೊದಲು ಬರಿಯ ಜಿಡ್ಡಿನಿಂದ ಸೀಳು ಕೂಡಿಸಿಕೊಂಡು ಆಮೇಲೆ ಇದಕ್ಕೆ ಬರಬೇಕು.

ಇಲ್ಲಿ ಒಂದು ಕಟ್ಟುನಿಟ್ಟಿನ ಮಾತು. ಚೀಲದ ಗೊಬ್ಬರವನ್ನು ನೀರಿನಲ್ಲಿ ಕರಗಿಸಿ ಕಾಲಿಗೆ ಹಚ್ಚಲು ಯಾರೂ ಹೋಗಬಾರದು. 2015ರಿಂದ ನಮ್ಮ ದೇಶದ ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪವಿದೆ, ತಯಾರಿಕೆಯ ಬೇರೆ ಬೆರಕೆಗಳೂ ಇವೆ. ಅದರ ಪ್ರಮಾಣವೂ ನಮ್ಮ ಕೈಗೆ ಸಿಗುವದಿಲ್ಲ. ಹೊಲದ್ದು ಹೊಲಕ್ಕೆ, ಕಾಲಿನದು ಕಾಲಿಗೆ.

ಮಾಡಬಾರದ ಕೆಲಸಗಳು

ಸೀಳಿಗೆ ಕೇರುಬೀಜದ ಎಣ್ಣೆ ಸುಡುವ ರೂಢಿ ನಮ್ಮ ಕಡೆ ಇನ್ನೂ ಇದೆ. ಮರಾಠಿಯಲ್ಲಿ ಬಿಬ್ಬಾ ಎನ್ನುವ, ಅಗಸರು ಬಟ್ಟೆಗೆ ಗುರುತು ಹಾಕುವ ಬೀಜವಿದು. ಅದರ ರಸ ಚರ್ಮವನ್ನು ಸುಟ್ಟು ಬೊಕ್ಕೆ ಏಳಿಸುತ್ತದೆ. ಕೆಲವರು ಮರ, ಪ್ಲಾಸ್ಟಿಕ್ ಅಂಟಿಸುವ ಅಂಟಿನಿಂದ ಸೀಳು ಮುಚ್ಚುತ್ತಾರೆ. ಒಳಗಿನ ಹೊಲಸು ಒಳಗೇ ಉಳಿದು ಕೀವಾಗುತ್ತದೆ. ಸೀಳಿದ ಕಾಲಿನಿಂದ ದನದ ಕೊಟ್ಟಿಗೆ, ತಿಪ್ಪೆ ತುಳಿಯುವವರಿಗೆ ಧನುರ್ವಾಯುವಿನ ಭಯವೂ ಉಂಟು. ಅದರ ಚುಚ್ಚುಮದ್ದು ಹಾಕಿಸಿ ಹತ್ತು ವರ್ಷವಾಗಿದ್ದರೆ ಮತ್ತೆ ಹಾಕಿಸಿಕೊಳ್ಳಬೇಕು.

ಎಲ್ಲಕ್ಕಿಂತ ಕೆಟ್ಟದು ಬ್ಲೇಡಿನಿಂದ ಕೆತ್ತುವದು. ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ನನ್ನ ತಾಯಿ ಪ್ರತಿ ವರ್ಷ ಥಂಡಿಯಲ್ಲಿ ಅಪ್ಪನ ದಾಡಿಯ ಬ್ಲೇಡಿನಿಂದ ಹಿಂಬಡದ ಚರ್ಮ ತೆಗೆಯುತ್ತಿದ್ದಳು. 2017ರ ಥಂಡಿಯಲ್ಲಿಯೂ ತೆಗೆದಳು. ಆ ಸಲ ಬ್ಲೇಡು ಆಳಕ್ಕೆ ಹೋಯಿತು, ಆದರೆ ಅವಳಿಗೆ ನೋವಾಗಲಿಲ್ಲ. ನೋವಾಗಲಿಲ್ಲವೆಂದು ನಾವು ಸಮಾಧಾನಪಟ್ಟೆವು. ನೋವಾಗದಿದ್ದುದೇ ಬೇನೆಯ ಗುರುತೆಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮೂರನೆಯ ದಿನ ಕಾಲು ಬಾತು ಕಪ್ಪಾಯಿತು. ಆಸ್ಪತ್ರೆಗೆ ಒಯ್ದಾಗ ಅವಳಿಗೆ ಸಕ್ಕರೆ ಬೇನೆಯಿದೆಯೆಂದೂ, ಬಹಳ ದಿನದಿಂದ ಇದ್ದು ಕಾಲಿನ ನರಗಳು ಸತ್ತಿವೆಯೆಂದೂ ತಿಳಿಯಿತು. ಕಾಲು ಉಳಿಯಿತು. ಗಾಯ ಮಾಯಲು ಐದು ತಿಂಗಳು ಹಿಡಿಯಿತು. ಐವತ್ತು ಸುಗ್ಗಿ ಕಂಡ ಆ ಕಾಲು ಮತ್ತೆ ಹೊಲದ ಬದುವನ್ನು ತುಳಿಯಲಿಲ್ಲ. ಈಗ ಕಟ್ಟೆಯ ಮೇಲೆ ಕುಳಿತು ಜೋಳದ ರಾಶಿಯ ಸುದ್ದಿ ಕೇಳುತ್ತಾಳೆ. ಮನೆಯಲ್ಲಿ ಕಲಿತವನು ನಾನೊಬ್ಬನಿದ್ದೆನು. ಅವಳ ಕಾಲನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ.

ಬೆರಳು ಮುಟ್ಟಿ ನೋಡಿರಿ

ಆದುದರಿಂದ ಯಾವ ಉಪಚಾರಕ್ಕೂ ಮೊದಲು ಕಾಲಿಗೆ ಅರಿವಿದೆಯೇ ಎಂದು ನೋಡಬೇಕು. ಇದಕ್ಕೆ ಯಂತ್ರ ಬೇಕಾಗಿಲ್ಲ. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ಆಸ್ಪತ್ರೆಯ ವೈದ್ಯರು 2011ರಲ್ಲಿ ಪ್ರಕಟಿಸಿದ ಸುಲಭ ಪರೀಕ್ಷೆಯೊಂದಿದೆ. ಕಾಲು ತೋರಿಸುವವರು ಕಣ್ಣು ಮುಚ್ಚಿ ಮಲಗಬೇಕು. ನೋಡುವವರು ತಮ್ಮ ತೋರುಬೆರಳ ತುದಿಯಿಂದ ಒಂದೊಂದು ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಕ್ಷಣ ಹಗುರಾಗಿ ಮುಟ್ಟಬೇಕು. ಒತ್ತಬಾರದು, ಚುಚ್ಚಬಾರದು, ಕಚಗುಳಿ ಇಡಬಾರದು. ಮುಟ್ಟಿದಾಗ ಅವರು ಎಡ, ಬಲ ಎಂದು ಹೇಳಬೇಕು. ಎರಡು ಕಾಲು ಕೂಡಿ ಆರು ಸಲದಲ್ಲಿ ಎರಡು ಅಥವಾ ಹೆಚ್ಚು ಸಲ ತಿಳಿಯದಿದ್ದರೆ ಅರಿವು ಕುಂದಿದೆಯೆಂದು ತಿಳಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಸಕ್ಕರೆ ಬೇನೆಯಂತೆ ಕುಷ್ಠವೂ ಅರಿವನ್ನು ಕೊಲ್ಲುತ್ತದೆ. ಅದರ ಔಷಧ ಸರಕಾರದಿಂದ ಧರ್ಮಾರ್ಥವಾಗಿ ಸಿಗುತ್ತದೆ, ಬೇಗ ತಿಳಿದರೆ ಪೂರಾ ಗುಣವಾಗುತ್ತದೆ. ಮುಚ್ಚಿಡುವದಕ್ಕೆ ಕಾರಣವಿಲ್ಲ.

ಅರಿವು ಕುಂದಿದ ಕಾಲನ್ನು ಮನೆಯಲ್ಲಿ ನೆನೆಸಬಾರದು, ತಿಕ್ಕಬಾರದು. ದಿನಾಲೂ ನೋಡಿ, ತೊಳೆದು, ಬೆರಳ ಸಂದು ಬಿಟ್ಟು ಜಿಡ್ಡು ಹಚ್ಚಬೇಕು. ಉಳಿದದ್ದನ್ನು ವೈದ್ಯರಿಗೆ ಬಿಡಬೇಕು. ಅರಿವು ಸರಿಯಿದ್ದರೂ ಒಂದೇ ಕಾಲು ಹಿಟ್ಟುಹಿಟ್ಟಾಗಿ ಉದುರುತ್ತಿದ್ದರೆ, ಬೆರಳ ಸಂದಿನಲ್ಲಿ ತುರಿಕೆಯಿದ್ದರೆ, ನಾಲ್ಕು ವಾರದ ಆರೈಕೆಗೂ ಜಗ್ಗದಿದ್ದರೆ ಅದು ಬರಿಯ ಒಣಗಾಲಲ್ಲ, ತೋರಿಸಿಕೊಳ್ಳಬೇಕು.

ಕಳೆದ ಸುಗ್ಗಿಯಲ್ಲಿ ನಮ್ಮ ಕಣದಲ್ಲಿ ಕುಳಿತವರ ಕಾಲು ಮುಟ್ಟಿ ನೋಡಿದೆನು. ನಮ್ಮಲ್ಲಿ ಬಹಳ ವರ್ಷ ದುಡಿದ ಹಿರಿಯರೊಬ್ಬರು ಕಣ್ಣು ಮುಚ್ಚಿ ಮಲಗಿ, ನಾನು ಮೂರು ಬೆರಳು ಮುಟ್ಟಿ ಮುಗಿಸಿದ ಮೇಲೆ, "ಯಾವಾಗ ಮುಟ್ತೀರಿ ಮಾಸ್ತರ್ರ?" ಎಂದು ಕೇಳಿದರು. ಸುತ್ತಲಿದ್ದವರು ನಕ್ಕರು. ನನಗೆ ನಗೆ ಬರಲಿಲ್ಲ. "ಮುಟ್ಟಿ ಆತ್ರೀ ಕಾಕಾ, ನಾಳೆ ಮುಂಜಾನೆ ದವಾಖಾನಿಗೆ ಹೋಗೂಣು" ಎಂದೆನು. ರಕ್ತ ನೋಡಿದಾಗ ಸಕ್ಕರೆ ಬಹಳವಿತ್ತು. ಗಾಯ ಇನ್ನೂ ಆಗಿರಲಿಲ್ಲ. ಈಗ ಗುಳಿಗೆ ನುಂಗುತ್ತಾರೆ, ಹಿಂಬಡಕ್ಕೆ ಕೋಕಂ ತೇಲ ಹಚ್ಚುತ್ತಾರೆ, ಹಿಂದೆ ಮುಚ್ಚಿದ ಪಾದರಕ್ಷೆ ಹಾಕಿಕೊಂಡು ಹೊಲಕ್ಕೆ ಬರುತ್ತಾರೆ. ಕೂಲಿ ಕಳೆದುಕೊಂಡಿದ್ದ ಆ ಹೆಣ್ಣುಮಗಳೂ ಈ ಸಲ ಥಂಡಿ ಬೀಳುವ ಮೊದಲೇ ಜಿಡ್ಡು ಹಚ್ಚತೊಡಗಿದ್ದಾಳೆ.

ಒಕ್ಕಲಿಗ ಬಂಧುಗಳೇ, ತಾಯಂದಿರೇ, ಸೀಳಿದ ಮೇಲೆ ಕೂಡಿಸುವದಕ್ಕಿಂತ ಸೀಳದಂತೆ ಕಾಯುವದು ಸುಲಭ. ದೀಪಾವಳಿ ಮುಗಿದು ಥಂಡಿಗಾಳಿ ತಿರುಗಿದ ದಿನದಿಂದಲೇ ರಾತ್ರಿ ಕಾಲು ತೊಳೆದು, ತೇವವಿರುವಾಗಲೇ ಜಿಡ್ಡು ಹಚ್ಚಿರಿ. ಮನೆಯ ಮುದುಕರ ಕಾಲಿಗೆ ನೀವೇ ಹಚ್ಚಿರಿ. ಹಚ್ಚುವ ಮೊದಲು ಅವರಿಗೆ ಕಣ್ಣು ಮುಚ್ಚಲು ಹೇಳಿ ಬೆರಳು ಮುಟ್ಟಿ ನೋಡಿರಿ.